ಕೆಂಚಿಯನ್ನು ಒಳಗೆ ಕರೆದದ್ದು

ಬೀಚನಹಳ್ಳಿಯಲ್ಲಿ ರಮ್ಯಶ್ರೀ ಎಂದರೆ ಅರ್ಧ ಊರಿಗೆ ಗೊತ್ತಾಗುವುದಿಲ್ಲ. ‘ನಾಯಿಗೆ ನಮಸ್ಕಾರ ಕಲಿಸಿದ್ದಾಳಲ್ಲ, ತಿಮ್ಮಯ್ಯನ ಸೊಸೆ’ ಎಂದರೆ ಸಾಕು, ನೀರಿನ ಚಾನಲ್ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರೂ ಕೈ ಚಾಚಿ ಮನೆ ತೋರಿಸುತ್ತಾರೆ.

ಕೆ.ಆರ್. ನಗರದ ಕಡೆಯ ಹೊಸ ಅಗ್ರಹಾರದಿಂದ ಮದುವೆಯಾಗಿ ಬಂದಾಗ ಅವಳಿಗೆ ನಾಯಿಗಳ ಗೊಡವೆಯೇ ಇರಲಿಲ್ಲ. ತವರಿನಲ್ಲಿ ನಾಯಿಗಳಿದ್ದವು, ಆದರೆ ಅವು ಗದ್ದೆ ಕಾಯುವ ನಾಯಿಗಳು. ಹೊಸಬರು ಕಂಡರೆ ಮೇಲೆ ಬೀಳುವುದು, ಅನ್ನ ಕಂಡರೆ ಬಾಲ ಆಡಿಸುವುದು, ಇಷ್ಟೇ ಅವುಗಳ ವಿದ್ಯೆ. ಇಲ್ಲಿ ಗಂಡ ರಘು ಹಿನ್ನೀರಿನ ಕಡೆಯ ಒಂದು ರೆಸಾರ್ಟಿನಲ್ಲಿ ಡ್ರೈವರ್. ಬೆಳಿಗ್ಗೆ ಹೊರಟರೆ ದೀಪ ಹಚ್ಚಿದ ಮೇಲೆಯೇ ಬರುವುದು. ಮಾವ ತಿಮ್ಮಯ್ಯ ಹಗಲೆಲ್ಲ ಗದ್ದೆಯಲ್ಲಿ. ಅತ್ತೆ ಸಾಕಮ್ಮನಿಗೆ ಮನೆ, ಹಸು, ಹಿತ್ತಲು. ರಮ್ಯಶ್ರೀ ಪಡಸಾಲೆಯ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಹಾಕಿಕೊಂಡು ಊರಿನ ಹೆಂಗಸರಿಗೆ ರವಿಕೆ ಹೊಲಿಯುತ್ತಾಳೆ. ಮಗಳು ಲಾಸ್ಯ ನಡೆಯಲು ಶುರು ಮಾಡಿದ ಮೇಲೆ ಆ ಕೆಲಸ ಅರೆಬರೆಯಾಯಿತು. ಮಗುವಿನ ಬೆರಳು ಸೂಜಿಯ ಕಡೆ, ತಾಯಿಯ ಕಣ್ಣು ಬೆರಳಿನ ಕಡೆ. ಹೊಲಿಗೆ ಮಾತ್ರ ಸೊಟ್ಟ.

ಅಂಥ ದಿನಗಳಲ್ಲೇ ರಘು ಒಂದು ಸಂಜೆ ಜರ್ಕಿನ್ನಿನ ಒಳಗಿಂದ ಕೆಂಚು ಬಣ್ಣದ ಹೆಣ್ಣು ಮರಿಯೊಂದನ್ನು ತೆಗೆದು ಜಗಲಿಯ ಮೇಲೆ ಬಿಟ್ಟ.

“ಇದ್ಯಾಕ್ಲಾ ತಂದೆ?” ಎಂದಳು ಸಾಕಮ್ಮ. “ಒಂದ್ ಕೂಸು ಇಡ್ಕಳಕ್ಕೇ ನಿನ್ನೆಂಡ್ರಿಗೆ ಕೈ ಸಾಲ್ದು.”

“ಯಾರೋ ಗೇಟ್ ತಾವ ಬುಟ್ಟೋಗಿದ್ರು ಕಣವ್ವ. ಒಂದ್ ತುತ್ತು ಇಟ್ಟು ತಿನ್ಕಂಡು ಬಿದ್ದಿರ್ತದೆ ಬುಡು.”

“ಬಿದ್ದಿರ್ಲಿ. ಒಸ್ಲು ಮಾತ್ರ ದಾಟಂಗಿಲ್ಲ. ದಾಟ್ತು ಅಂದ್ರೆ ಅದ್ರ ಜೊತ್ಗೆ ನೀನೂ ಆಚ್ಗೇ.”

ಹೊಸ್ತಿಲು ಸಾಕಮ್ಮನ ಕಣ್ಣಿನಲ್ಲಿ ಬರೀ ಮರವಲ್ಲ. ಬೆಳಿಗ್ಗೆ ಎದ್ದರೆ ಮುಖ ತೊಳೆಯುವುದಕ್ಕೆ ಮೊದಲು ಅದನ್ನು ತೊಳೆಯುತ್ತಾಳೆ. ಅರಿಶಿನ ಬಳಿದು, ಕುಂಕುಮ ಇಟ್ಟು, ಕೆಳಗೆ ಎರಡೆಳೆ ರಂಗೋಲಿ ಎಳೆದ ಮೇಲೆಯೇ ಹಾಲು ಕರೆಯುವುದು. ಮುಂಬಾಗಿಲಿಗೂ ಅದೇ, ಹಿತ್ತಲ ಬಾಗಿಲಿಗೂ ಅದೇ. ಹಾಗೆಂದು ನಾಯಿಯ ಮೇಲೆ ಅವಳಿಗೆ ದ್ವೇಷವೇನಿಲ್ಲ. ನಾಯಿಯ ಜಾಗ ಆಚೆ, ಅಷ್ಟೇ.

ಕೆಂಚಿ ಎಂದು ಹೆಸರಿಟ್ಟವನು ತಿಮ್ಮಯ್ಯ. ಅದಕ್ಕೆ ಕಲಿಸಬೇಕು ಅನಿಸಿದ್ದು ರಮ್ಯಶ್ರೀಗೆ. ಮರಿ ಮಗುವಿನ ಲಂಗ ಕಚ್ಚಿ ಎಳೆಯುತ್ತಿತ್ತು, ಹೊಲಿಯಲು ಕೊಟ್ಟವರ ಬಟ್ಟೆಯ ಗಂಟನ್ನು ಬೀದಿಗೆ ಹೊತ್ತೊಯ್ಯುತ್ತಿತ್ತು. ಬೈದರೆ ಇನ್ನೂ ಖುಷಿ. ಪಾತ್ರೆ ತೊಳೆದಾದ ಮೇಲೆ ಮೊಬೈಲಿನಲ್ಲಿ ನಾಯಿ ತರಬೇತಿಯ ವೀಡಿಯೊ ಹಾಕಿಕೊಂಡು ಕೂತಳು. ಅವರು ಹೇಳುವ ಬಿಸ್ಕತ್ತು ಈ ಊರಿನ ಅಂಗಡಿಯಲ್ಲಿ ಇರಲಿಲ್ಲ. ಇದ್ದದ್ದು ಹುರಿದ ಕಡಲೆಬೀಜ, ಮತ್ತೆ ಒಣಮೀನು. ಒಣಮೀನನ್ನು ಚೂರು ಚೂರು ಮಾಡಿ ಡಬ್ಬಿಗೆ ತುಂಬಿಟ್ಟುಕೊಂಡಳು. ಕೆಂಚಿ ಆ ಡಬ್ಬಿಯ ಮುಚ್ಚಳದ ಸದ್ದಿಗೆ ಬಣವೆಯ ಹಿಂದಿನಿಂದ ಹಾರಿ ಬರುತ್ತಿತ್ತು.

ಮೊದಲ ತೊಡಕು ನಾಯಿಯದ್ದಲ್ಲ, ಮನೆಯವರದ್ದು. ರಘು ‘ಸಿಟ್’ ಅನ್ನುತ್ತಿದ್ದ. ತಿಮ್ಮಯ್ಯ ‘ಕುಂತ್ಕ’ ಅನ್ನುತ್ತಿದ್ದ. ರಮ್ಯಶ್ರೀ ‘ಕೂತ್ಕೊ ಪುಟ್ಟಿ’. ಸಾಕಮ್ಮ ಏನು ಹೇಳಬೇಕಾದರೂ ‘ಥೂ, ಆಚ್ಗೋಗು’. ನಾಯಿ ಒಬ್ಬೊಬ್ಬರ ಮುಖ ನೋಡಿ ಕೊನೆಗೆ ಆಕಳಿಸುತ್ತಿತ್ತು. ರಮ್ಯಶ್ರೀ ಊಟಕ್ಕೆ ಕೂತಾಗ ಎಲ್ಲರಿಗೂ ಹೇಳಿದಳು, “ಇವತ್ತಿಂದ ಎಲ್ರೂ ಕುಂತ್ಕ ಅಂತಲೇ ಅನ್ಬೇಕು. ಮಾವ ಅಂದಂಗೆ.”

“ಅಂಗಾದ್ರೆ ನಾನೇ ಮೇಷ್ಟ್ರು,” ಎಂದ ತಿಮ್ಮಯ್ಯ.

“ಊ ಕಣಪ್ಪ, ಇಷ್ಟು ದಿನುಕ್ಕೆ ಒಬ್ರು ಮಾತು ಕೇಳೋರು ಸಿಕ್ರು ನಿಂಗೆ,” ಎಂದ ರಘು.

ಕೆಂಚಿ ಕೂರಲು ಕಲಿಯಿತು. ಜೊತೆಗೆ ಲಾಸ್ಯಳೂ ಕಲಿತಳು. ‘ಕುಂತ್ಕ’ ಅಂದ ಕೂಡಲೇ ನಾಯಿಯ ಪಕ್ಕ ಧೊಪ್ಪನೆ ಕೂತು, ಬಾಯಿ ಕಳೆದು ಕಡಲೆಬೀಜಕ್ಕೆ ಕಾಯುತ್ತಿದ್ದಳು. ಬೀಜ ಒಡೆದು ನಾಯಿಗೆ ಒಂದು ಬೇಳೆ, ಮಗುವಿಗೆ ಒಂದು ಬೇಳೆ. ಆಮೇಲೆ ಕೈ ಕೊಡುವುದು ಬಂತು, ಚಪ್ಪಲಿ ತರುವುದು ಬಂತು, ಹಿಂಗಾಲ ಮೇಲೆ ಕೂತು ಎರಡೂ ಮುಂಗಾಲು ಎತ್ತಿ ನಮಸ್ಕಾರ ಮಾಡುವುದು ಬಂತು. ‘ಸತ್ತೋದೆ’ ಅಂದರೆ ಕಾಲು ಮೇಲೆ ಮಾಡಿ ಬೀಳುವ ಆಟವನ್ನೂ ಕಲಿಸಿದಳು. ಅದಕ್ಕೆ ಮಾತ್ರ ತಿಮ್ಮಯ್ಯ ಸಿಟ್ಟಾದ. “ಮನೆ ಬಾಗ್ಲಲ್ಲಿ ಸಾಯೋ ಆಟ ಯಾಕವ್ವ? ಬೇರೆ ಏನಾರಾ ಅನ್ಸು,” ಎಂದ. ಹಾಗಾಗಿ ಆ ಆಟಕ್ಕೆ ‘ನಿದ್ದೆ’ ಎಂದು ಹೆಸರಾಯಿತು. ಸಾವನ್ನು ನಿದ್ದೆ ಮಾಡಲು ಹೊಸ ಡಬ್ಬಿ ಒಣಮೀನೇ ಖರ್ಚಾಯಿತು.

ಎಲ್ಲಕ್ಕಿಂತ ಚೆನ್ನಾಗಿ ಕಲಿಸಿದ್ದು ಹೊಸ್ತಿಲು. ಅದನ್ನು ಇಬ್ಬರು ಕಲಿಸಿದರು. ಕೆಂಚಿಯ ಮುಂಗಾಲು ಹೊಸ್ತಿಲಿನ ಕಡೆ ಏಳುತ್ತಿದ್ದಂತೆ ಒಳಗಿನಿಂದ ಸಾಕಮ್ಮ ‘ಏಯ್!’ ಎಂದು ಚೊಂಬಿನ ನೀರು ಎರಚುತ್ತಿದ್ದಳು. ಕಾಲು ಹಿಂದಕ್ಕೆ ತೆಗೆದರೆ ಹೊರಗಡೆ ರಮ್ಯಶ್ರೀ ಮೀನಿನ ಚೂರು ಕೊಡುತ್ತಿದ್ದಳು. ಬರಬರುತ್ತಾ ನೀರೂ ಬೇಕಾಗಲಿಲ್ಲ, ಮೀನೂ ಬೇಕಾಗಲಿಲ್ಲ. ಕೆಂಚಿ ರಂಗೋಲಿಯ ಅಂಚಿಗೆ ಗದ್ದ ಊರಿ ಮಲಗಿ, ಒಳಗೆ ನಡೆಯುವುದನ್ನೆಲ್ಲ ಕಣ್ಣಲ್ಲೇ ಓಡಾಡಿಕೊಂಡು ನೋಡುತ್ತಿತ್ತು. ಪಕ್ಕದ ಮನೆಯ ಸಿದ್ದರಾಜು ನಂಬದೆ, ಒಂದು ದಿನ ಕೋಳಿಯ ಮೂಳೆಯನ್ನು ಹೊಸ್ತಿಲಿನ ಒಳಗೆ ಗೇಣು ದೂರದಲ್ಲಿ ಇಟ್ಟು ನೋಡಿದ. ಕೆಂಚಿ ಜೊಲ್ಲು ಸುರಿಸಿತು, ಕುಂಯ್ ಅಂದಿತು, ಕಾಲು ಮಾತ್ರ ಎತ್ತಲಿಲ್ಲ.

“ಮನುಸ್ರಿಗಿಂತ ಅದ್ಕೇ ಮರ್ವಾದೆ ಜಾಸ್ತಿ ಕಣ್ಲಾ,” ಎಂದು ತಿಮ್ಮಯ್ಯ ಟೀ ಅಂಗಡಿಯಲ್ಲಿ ಹೇಳಿಕೊಂಡು ಬಂದ.

ಆ ಸಿದ್ದರಾಜುವಿನ ನಾಯಿಯೇ ಮೊದಲು ಹೋಯಿತು. ಬೆಳಿಗ್ಗೆ ನೋಡಿದರೆ ಕೊಟ್ಟಿಗೆಯ ಕಂಬದಲ್ಲಿ ಸರಪಳಿ ಇತ್ತು, ಸರಪಳಿಯ ತುದಿಯಲ್ಲಿ ಬೆಲ್ಟೂ ಇತ್ತು, ನಾಯಿ ಇರಲಿಲ್ಲ. ಹಿತ್ತಲ ಮಣ್ಣಿನಲ್ಲಿ ಎಳೆದುಕೊಂಡು ಹೋದ ಗೆರೆ, ಅದರ ಪಕ್ಕ ಚಿರತೆಯ ಹೆಜ್ಜೆ. ಅರಣ್ಯ ಇಲಾಖೆಯವರು ಬಂದು ಬೋನು ಇಟ್ಟರು. ಚಿರತೆ ಬೋನಿನ ಕಡೆ ತಿರುಗಿ ನೋಡದೆ ಚಾನಲ್ ಆಚೆಯ ಮನೆಯ ಇನ್ನೊಂದು ನಾಯಿಯನ್ನು ಹೊತ್ತುಕೊಂಡು ಹೋಯಿತು. ರಾತ್ರಿ ನಾಯಿಗಳನ್ನು ಹೊರಗೆ ಬಿಡಬೇಡಿ, ಅವುಗಳ ಆಸೆಗೇ ಚಿರತೆ ಮನೆಯ ತನಕ ಬರುವುದು ಎಂದು ಇಲಾಖೆಯವರು ಮನೆಮನೆಗೆ ಹೇಳಿ ಹೋದರು. ಊರಿನ ನಾಯಿಗಳೆಲ್ಲ ಸಂಜೆಯಾಗುತ್ತಲೇ ಪಡಸಾಲೆ ಸೇರಿದವು.

ತಿಮ್ಮಯ್ಯನ ಮನೆಯ ಕೊಟ್ಟಿಗೆಗೆ ಎದೆಮಟ್ಟದ ಗೋಡೆ, ಅದರ ಮೇಲೆ ಬಯಲು. ಹಸುವಿಗೆ ಸಾಕು, ನಾಯಿಗೆ ಸಾಲದು. ಉಳಿದದ್ದು ಮನೆಯ ಒಳಗು.

ಸೊಪ್ಪು ಸೋಸುತ್ತಾ ರಮ್ಯಶ್ರೀ ಮೆಲ್ಲಗೆ ಮಾತು ತೆಗೆದಳು. “ಅತ್ತೆ, ಕತ್ಲಾಗೋವಾಗ ಕೆಂಚೀನ ಒಳಗೆ ಹಾಕ್ಕೊಳೋಣ್ವಾ?”

ಸಾಕಮ್ಮ ತಲೆಯೆತ್ತಲಿಲ್ಲ. ಕಡ್ಡಿಯೊಂದನ್ನು ಮುರಿದು ಎಸೆದಳು. “ಸಾಯ್ಲಿ ಅಂತ ನಾನಂದ್ನಾ?” ಎಂದಳು. ಇನ್ನೊಂದು ಕಡ್ಡಿ ಮುರಿದಳು. “ಮುಂಬಾಗ್ಲು ಬ್ಯಾಡ. ಇತ್ಲು ಬಾಗ್ಲಲ್ಲಿ ಬರ್ಲಿ. ಒಲೆ ತಾವ ಬರಂಗಿಲ್ಲ. ಬೆಳಿಗ್ಗೆ ನಾನು ಒಸ್ಲು ತೊಳಿಯಕ್ಕೆ ಮುಂಚೆ ಆಚ್ಗೋಗ್ಬೇಕು.”

ಅಷ್ಟು ಸುಲಭವಾಗಿ ಅತ್ತೆ ಒಪ್ಪುತ್ತಾಳೆಂದು ರಮ್ಯಶ್ರೀ ಎಣಿಸಿರಲಿಲ್ಲ. ಒಪ್ಪದೆ ಇದ್ದದ್ದು ಕೆಂಚಿ.

ಹಿತ್ತಲ ಬಾಗಿಲು ಅಡುಗೆಮನೆಗೆ ತೆರೆಯುತ್ತದೆ. ಒಳಗೆ ತಟ್ಟೆಯಲ್ಲಿ ಅನ್ನ ಸಾರು ಕಲಸಿಟ್ಟರು. ಕೆಂಚಿ ಹೊಸ್ತಿಲಿನ ಆಚೆ ಮಲಗಿ ತಟ್ಟೆಯನ್ನು ನೋಡುತ್ತಾ ಬಾಲದಲ್ಲಿ ನೆಲ ಗುಡಿಸಿತು. ‘ಬಾ’ ಅಂದರೆ ಎದ್ದು ಕೂತಿತು. ಮತ್ತೆ ‘ಬಾ’ ಅಂದರೆ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಒಂದಾದ ಮೇಲೊಂದು ಮಾಡಿತು. ಕೈ ಕೊಟ್ಟಿತು, ನಮಸ್ಕಾರ ಮಾಡಿತು, ನಿದ್ದೆ ಮಾಡಿತು. ರಘು ಬೆಲ್ಟಿಗೆ ಹಗ್ಗ ಹಾಕಿ ಎಳೆದ. ಕೆಂಚಿ ನಾಲ್ಕೂ ಕಾಲು ಊರಿ, ಉಗುರಿನಿಂದ ನೆಲ ಗೀರಿ, ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನಡುಗಿತು. ಬೆಲ್ಟಿನಿಂದ ಕುತ್ತಿಗೆ ಜಾರಿಸಿಕೊಂಡು ಬಣವೆಯ ಹಿಂದೆ ಓಡಿತು.

“ಎಳೀಬೇಡಿ ಕಣ್ರೀ,” ಎಂದಳು ರಮ್ಯಶ್ರೀ. “ಇನ್ನೊಂದ್ಸಲ ಎಳೆದ್ರೆ ಮನೆ ಕಂಡ್ರೇ ಓಡೋಗುತ್ತೆ. ಬೇಡ ಅಂತ ಕಲಿಸಿದೋಳು ನಾನು, ಬಾ ಅಂತಲೂ ನಾನೇ ಕಲಿಸ್ತೀನಿ.”

“ಯಾವಾಗ? ಚಿರ್ತೆ ಬಂದು ಅಟೆಂಡೆನ್ಸ್ ತಗೊಂಡ್ ಮೇಲಾ?” ಎಂದ ರಘು. ಹೇಳಿದ ಮೇಲೆ ಅವನಿಗೇ ಕೆಡುಕೆನಿಸಿ ದನಿ ತಗ್ಗಿಸಿದ. “ನೋಡು, ನನ್ ವೀಕ್ಲಿ ಆಫ್ ತನ್ಕ ನೋಡೋಣ. ಆಗ್ಲಿಲ್ಲ ಅಂದ್ರೆ ಬುಟ್ಟೀಲಿ ಹಾಕ್ಕೊಂಡು ಹೊಸ ಅಗ್ರಹಾರದಲ್ಲಿ ಬಿಟ್ಟು ಬತ್ತೀನಿ. ನಿಮ್ಮಪ್ಪ ಹೆಂಗೂ ಗದ್ದೆ ನಾಯಿ ಸಾಕ್ತಾರೆ.”

ರಮ್ಯಶ್ರೀ ಹೂಂ ಎಂದಳು. ಬೇರೆ ದಾರಿ ಅವಳಿಗೂ ಕಾಣಲಿಲ್ಲ. ತವರಿನ ಗದ್ದೆ ನಾಯಿಗಳು ಹೊಸ ನಾಯಿಯನ್ನು ಹೇಗೆ ಕಚ್ಚಿ ಹರಿಯುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಅವು ಸುಮ್ಮನಿದ್ದರೂ, ಅಲ್ಲಿ ಯಾರೂ ಕೆಂಚಿಗೆ ಕೈ ಕೊಡು ಎಂದು ಕೇಳುವುದಿಲ್ಲ. ಸಣ್ಣ ವಿಷಯ. ಆದರೂ ಅದು ಅವಳ ತಲೆಯಿಂದ ಹೋಗಲಿಲ್ಲ. ಆ ಕೆಲವು ರಾತ್ರಿ ಕೆಂಚಿಯನ್ನು ಕೊಟ್ಟಿಗೆಯಲ್ಲಿ ಹಸುವಿನ ಪಕ್ಕ ಕಟ್ಟಿ, ದೊಡ್ಡ ಬಲ್ಬು ಹಾಕಿ, ತಿಮ್ಮಯ್ಯ ಹತ್ತಿರದ ಜಗಲಿಯಲ್ಲಿ ದೊಣ್ಣೆ ಇಟ್ಟುಕೊಂಡು ಮಲಗಿದ. ಅವನಿಗೆ ಆಗಲೇ ಕೆಮ್ಮು. ಎಷ್ಟು ದಿನ ಹಾಗೆ ಮಲಗಿಯಾನು?

ಹಗಲು ಪಾಠ ನಡೆಯಿತು. ಮೊದಲ ದಿನವೇ ರಮ್ಯಶ್ರೀ ಎಡವಟ್ಟು ಮಾಡಿಕೊಂಡಳು. ಅಂದು ಶುಕ್ರವಾರ. ಸಾಕಮ್ಮ ಹೊಸ್ತಿಲಿಗೆ ಹೂವಿಟ್ಟು, ಊದುಬತ್ತಿ ಹಚ್ಚಿ ಹಿಂದೆ ತಿರುಗಿದರೆ, ಸೊಸೆ ಅದೇ ಹೊಸ್ತಿಲ ಮೇಲೆ ಒಣಮೀನಿನ ಚೂರು ಸಾಲಾಗಿ ಇಡುತ್ತಿದ್ದಾಳೆ.

“ಅಯ್ಯೋ ನಿನ್ ಮನೆ ಕಾಯ್ವಾಗ! ಊವಿನ್ ಪಕ್ಕ ಮೀನು ಇಡ್ತಿದ್ದೀಯಲ್ಲೇ!”

“ತಪ್ಪಾಯ್ತು ಅತ್ತೆ, ವಾರ ಮರ್ತೋಯ್ತು.”

ಮೀನು ತೆಗೆದು, ಹೊಸ್ತಿಲು ಮತ್ತೆ ತೊಳೆದು, ಪಾಠ ಮರುದಿನಕ್ಕೆ ಹೋಯಿತು. ಮರುದಿನ ಆಚೆ ಒಂದು ಚೂರು, ಹೊಸ್ತಿಲ ಮೇಲೆ ಒಂದು, ಒಳಗೊಂದು. ಕೆಂಚಿ ಆಚೆಯದ್ದು ತಿಂದಿತು. ಮೇಲಿನದ್ದಕ್ಕೆ ಕತ್ತು ಚಾಚಿತು. ಇನ್ನೇನು ಬಾಯಿ ಹಾಕಬೇಕು, ಅಷ್ಟರಲ್ಲಿ ಕಣ್ಣು ಹೊರಳಿಸಿ ಪಕ್ಕಕ್ಕೆ ನೋಡಿ ಹಿಂದೆ ಸರಿಯಿತು. ಪ್ರತಿ ಸಲ ಹೀಗೇ. ಅರಿಶಿನದ ವಾಸನೆಗೋ ಏನೋ ಎಂದು ರಮ್ಯಶ್ರೀ ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದಳು. ಅದೂ ಅಲ್ಲ. ಕೊನೆಗೆ ನಾಯಿಯನ್ನು ಬಿಟ್ಟು ಅದರ ಕಣ್ಣು ಹೋಗುವ ಕಡೆ ನೋಡಿದಳು. ಒಲೆಯ ಮುಂದೆ ಸಾಕಮ್ಮ ನಿಂತಿದ್ದಳು, ಸುಮ್ಮನೆ ಸಾರಿಗೆ ಉಪ್ಪು ಹಾಕುತ್ತಾ.

ನಾಯಿಯ ಲೆಕ್ಕದಲ್ಲಿ ರಮ್ಯಶ್ರೀ ಮೀನು ಕೊಡುವವಳು ಮಾತ್ರ. ಹೊಸ್ತಿಲಿನ ಯಜಮಾನಿ ಸಾಕಮ್ಮ. ಅವಳು ಹೂಂ ಅನ್ನಬೇಕು.

“ನಾನಾ?” ಎಂದಳು ಸಾಕಮ್ಮ, ಸೊಸೆ ವಿಷಯ ಹೇಳಿದಾಗ. “ಮರಿಯಾಗಿದ್ದಾಗ್ಲಿಂದ ಥೂ ಅಂದೋಳು ನಾನು. ಈಗ ಕುಂತ್ಕಂಡು ನಾಯೀನ ಬಾ ಅನ್ಲಾ?”

“ಒಂದ್ಸಲ ಅನ್ನಿ ಅತ್ತೆ. ಚೊಂಬು ಅತ್ಲಾಗಿಟ್ಟು, ಕೆಳಗೆ ಕೂತ್ಕೊಂಡು ಕರೀರಿ.”

ಸಾಕಮ್ಮ ಕೂತಳು. “ಬಾ!” ಎಂದಳು. ಕೆಂಚಿ ಕಿವಿ ಮಡಚಿ ಎರಡು ಮಾರು ಹಿಂದೆ ಹೋಯಿತು.

“ಬೈದಂಗಾಯ್ತು ಅತ್ತೆ.”

“ನನ್ ದನೀನೇ ಇಂಗೆ. ನಿಮ್ಮಾವುನ್ನ ಕರಿಯೋದೂ ಇಂಗೇಯ.”

“ಅದ್ಕೇ ಕಣವ್ವ ನಾನೂ ಬಿರ್ರನೆ ಬರಾಕಿಲ್ಲ,” ಎಂದ ತಿಮ್ಮಯ್ಯ ಹಿತ್ತಲಿನಲ್ಲಿ ಹಗ್ಗ ಹೊಸೆಯುತ್ತಾ.

ಬೇಲಿಯ ಆಚೆಯ ಶಿವನಂಜಮ್ಮನಿಗೆ ಇದೆಲ್ಲ ಕಾಣುತ್ತಿತ್ತು. “ಏನ್ ಸಾಕಕ್ಕ, ಸೊಸೆ ನಿಂಗೂ ಟ್ರೈನಿಂಗ್ ಕೊಡ್ತಾವ್ಳಾ? ನಮಸ್ಕಾರ ಬತ್ತಾ?” ಎಂದು ಕೂಗಿದಳು.

“ನಿಂಗೊಂದು ಕೆಲ್ಸ ಇಲ್ಲ, ನಂಗೊಂದು ಮಾನ ಇಲ್ಲ,” ಎಂದು ಸಾಕಮ್ಮ ಎದ್ದೇಬಿಟ್ಟಳು. ಸಂಜೆ ಮಾತ್ರ ಯಾರೂ ಕರೆಯದೆ ತಾನೇ ಬಂದು ಕೂತಳು. ಲಾಸ್ಯಳಿಗೆ ಅನ್ನ ಉಣಿಸುವಾಗ ಕರೆಯುತ್ತೀರಲ್ಲ, ಹಾಗೆ ಕರೆಯಿರಿ ಎಂದಳು ರಮ್ಯಶ್ರೀ. ಸಾಕಮ್ಮ ಬೇಲಿಯ ಕಡೆ ಒಮ್ಮೆ ನೋಡಿ, ದನಿ ತೀರ ಇಳಿಸಿ, “ಬಾ ಕಂದ, ಬಾ ನನ್ನವ್ವ” ಎಂದಳು. ಕೆಂಚಿ ತಲೆ ಓರೆ ಮಾಡಿ ಕೇಳಿತು. ಇಂಥ ದನಿ ಆ ಬಾಯಿಂದ ಅದು ಕೇಳಿರಲಿಲ್ಲ. ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ಹತ್ತಿರ ಬಂತು. ಮೂಗು ಬಂತು. ಒಂದು ಮುಂಗಾಲು ಹೊಸ್ತಿಲ ಮೇಲೆ ಬಂತು.

“ಏಯ್!” ಎಂದಳು ಸಾಕಮ್ಮ.

ಕೆಂಚಿ ಮಾಯ.

ಅತ್ತೆ ಸೊಸೆ ಇಬ್ಬರೂ ಖಾಲಿ ಹೊಸ್ತಿಲನ್ನು ನೋಡುತ್ತಾ ಕೂತರು. “ಬಾಯಿಗೆ ತಾನೇ ಬಂದ್ಬುಡ್ತು ಕಣವ್ವ,” ಎಂದಳು ಸಾಕಮ್ಮ. “ನಾನ್ ಅನ್ಲಿಲ್ಲ. ತಾನೇ ಬಂತು.” ಅವಳ ಮುಖ ಸಣ್ಣದಾಗಿತ್ತು. ರಮ್ಯಶ್ರೀಗೆ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ನಾಯಿಗೆ ಕಲಿಸಿದ್ದನ್ನು ಬಿಡಿಸುವುದೇ ಇಷ್ಟು ಕಷ್ಟ, ಹುಟ್ಟಿದಾಗಿನಿಂದ ಕಲಿತವರದ್ದು ಹೇಗೆ ಬಿಟ್ಟೀತು? ಆ ಸಂಜೆ ಕೆಂಚಿ ಹಿತ್ತಲಿಗೆ ಸುಳಿಯಲೇ ಇಲ್ಲ. ತಿಮ್ಮಯ್ಯ ಕೂಗಿ ಕೂಗಿ ಕೊಟ್ಟಿಗೆಗೆ ಕರೆತಂದು ಕಟ್ಟಬೇಕಾಯಿತು.

ಮರುದಿನ ರಘುವಿನ ರಜೆ. ಬೈಕಿನ ಹಿಂದೆ ಕಟ್ಟಲು ದೊಡ್ಡ ಬಿದಿರಿನ ಬುಟ್ಟಿ, ಮುಚ್ಚಲು ಹಳೆಯ ಬಲೆ ಹೊಂದಿಸಿ ಅಂಗಳದಲ್ಲಿಟ್ಟ. ಊಟ ಮಾಡಿ ಹೊರಡುವುದು ಎಂದಾಯಿತು. ಲಾಸ್ಯ ಬುಟ್ಟಿಯೊಳಗೆ ಕೂತು ‘ಕೆಂಚಿ, ಕುಂತ್ಕ’ ಎಂದು ಕರೆಯುತ್ತಿದ್ದಳು. ರಮ್ಯಶ್ರೀ ಒಣಮೀನಿನ ಡಬ್ಬಿಯನ್ನು ತವರಿಗೆ ಕಳಿಸುವ ಚೀಲಕ್ಕೆ ಹಾಕಿ, ಅದರ ಜೊತೆಗೆ ಹಳೆಯ ಸೀರೆಯ ತುಂಡೊಂದನ್ನೂ ಮಡಿಸಿಟ್ಟಳು. ಮಲಗುವಾಗ ಗುರುತಿನ ವಾಸನೆ ಇರಲಿ ಎಂದು.

ಊಟವಾದ ಮೇಲೆ ಸಾಕಮ್ಮ ಮುದ್ದೆಯ ಚೂರಿಗೆ ಸಾರು ಹುಯ್ದು ಕಲಸಿದಳು. “ಓಗೋ ದಿನ ನಾನೇ ಇಕ್ತೀನಿ ತಾ,” ಎಂದು ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಇಳಿದಳು. ಮೆಟ್ಟಿಲ ಮೇಲೆ ಕೂತು ಕೆಂಚಿಯ ಮುಂದೆ ತಟ್ಟೆ ಹಿಡಿದಳು. ಮೊದಲು ಹೆದರಿ ಆಮೇಲೆ ನಾಯಿ ತಿನ್ನತೊಡಗಿತು. ಎರಡು ತುತ್ತಾದ ಮೇಲೆ ಸಾಕಮ್ಮ ಕೈಯೂರಿ ಹಿಂದಕ್ಕೆ ಜರುಗಿ ಹೊಸ್ತಿಲ ಮೇಲೆಯೇ ಕೂತಳು.

ಒಳಗಿನಿಂದ ನೋಡುತ್ತಿದ್ದ ರಮ್ಯಶ್ರೀ ಕೈಯಲ್ಲಿದ್ದ ಚೀಲ ಹಾಗೇ ಹಿಡಿದು ನಿಂತಳು. ಆ ಹೊಸ್ತಿಲ ಮೇಲೆ ಕೂತದ್ದಕ್ಕೆ ಮಗುವಿಗೂ ಬೈದಿದ್ದವಳು ಅತ್ತೆ.

ಸಾಕಮ್ಮ ಇನ್ನೂ ಹಿಂದಕ್ಕೆ ಜರುಗಿದಳು. ತಟ್ಟೆ ಅವಳ ತೊಡೆಯ ಮೇಲೆ ಅಡುಗೆಮನೆಯ ಒಳಗೆ ಬಂತು. ಕೆಂಚಿ ಕತ್ತು ಚಾಚಿತು, ಸಾಲಲಿಲ್ಲ. ಒಂದು ಕಾಲು ಎತ್ತಿತು. ಸಾಕಮ್ಮ ಥಟ್ಟನೆ ಸೆರಗಿನ ತುದಿಯನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಕಣ್ಣು ಅಗಲವಾಯಿತು. ಗಂಟಲಲ್ಲಿ ಎದ್ದ ‘ಏಯ್’ ಬಟ್ಟೆಯೊಳಗೇ ಗೊರ್ ಎಂದು ಸತ್ತಿತು. ಕರೆಯಲು ಬಾಯಿ ಇಲ್ಲ. ಬಲಗೈಯಲ್ಲಿ ಪಕ್ಕದ ನೆಲವನ್ನು ಮೆಲ್ಲಗೆ ತಟ್ಟಿದಳು, ಮಗುವನ್ನು ಪಕ್ಕಕ್ಕೆ ಮಲಗಿಸಿಕೊಳ್ಳುವಾಗ ತಟ್ಟುತ್ತಾರಲ್ಲ ಹಾಗೆ. ಕೆಂಚಿ ಅವಳ ಮುಖ ನೋಡಿತು. ಕೈ ನೋಡಿತು. ಇನ್ನೊಂದು ಕಾಲು ಬಂತು. ಆಮೇಲೆ ಹಿಂಗಾಲು ಎರಡೂ ಒಟ್ಟಿಗೆ, ಕದ್ದವರಂತೆ, ಹೊಸ್ತಿಲನ್ನು ಮುಟ್ಟದೆ ಹಾರಿ ಒಳಗೆ ಬಂದವು.

ಮುಂಬಾಗಿಲಿನಿಂದ ಬುಟ್ಟಿ ಹಿಡಿದು ಬಂದ ರಘು ಅಲ್ಲೇ ನಿಂತ. ಅವನ ಹಿಂದೆಯೇ ಲಾಸ್ಯ ಬಂದಳು. “ಕೆಂಚಿ, ಕುಂತ್ಕ,” ಎಂದಳು ಅವಳು. ಅಡುಗೆಮನೆಯ ನಟ್ಟನಡುವೆ ಕೆಂಚಿ ಕೂತಿತು. ಅದರ ಪಕ್ಕ ಲಾಸ್ಯಳೂ ಕೂತಳು.

ಸಾಕಮ್ಮ ಬಾಯಿಂದ ಸೆರಗು ತೆಗೆದಳು. “ಒಲೆ ತಾವ ಬರಂಗಿಲ್ಲ,” ಎಂದಳು ಏದುಸಿರಿನಲ್ಲಿ. ಆಮೇಲೆ ಮಗನಿಗೆ, “ಬುಟ್ಟಿ ಯಾಕ್ಲಾ ಇಡ್ಕಂಡ್ ನಿಂತಿದ್ದೀಯಾ? ಅಟ್ಟುಕ್ಕಾಕು.”

ಅಂದಿನಿಂದ ಸಂಜೆ ಸಾಕಮ್ಮ ನೆಲ ತಟ್ಟಿದರೆ ಕೆಂಚಿ ಒಳಗೆ ಬರುತ್ತದೆ, ತಟ್ಟದಿದ್ದರೆ ಇಲ್ಲ. ಹಗಲು ಎಂದಿನಂತೆ ರಂಗೋಲಿಯ ಆಚೆಯೇ. ಚಿರತೆ ಇನ್ನೂ ಬೋನಿಗೆ ಬಿದ್ದಿಲ್ಲ. ಬಿದ್ದರೂ ಇನ್ನೊಂದು ಬರುತ್ತದೆ ಎನ್ನುತ್ತಾರೆ ಊರಿನವರು. ಕಷ್ಟವೆಂದರೆ, ರಮ್ಯಶ್ರೀ ತಟ್ಟಿದರೆ ನಾಯಿ ಕದಲುವುದಿಲ್ಲ, ರಘು ತಟ್ಟಿದರೆ ಕೈ ಕೊಡುತ್ತದೆ. ಹಾಗಾಗಿ ಸಾಕಮ್ಮ ಎಲ್ಲೂ ಉಳಿಯುವಂತಿಲ್ಲ. ಪಿರಿಯಾಪಟ್ಟಣದ ಕಡೆ ಹಾರನಹಳ್ಳಿಯಲ್ಲಿರುವ ಮಗಳು ಬಾಣಂತನ ಮುಗಿಸಿಕೊಂಡು ಹೋದ ಮೇಲೆ ಮೊದಲ ಸಲ ಕರೆಸಿಕೊಂಡಿದ್ದಳು. ಮಧ್ಯಾಹ್ನದ ಊಟ ಉಂಡು ಸಾಕಮ್ಮ ಬಸ್ಸಿಗೆ ಎದ್ದಳು.

“ಒಂದಿನ ಇರವ್ವ. ಮೊಮ್ಮಗೀಗಿಂತ ನಾಯಿ ಎಚ್ಚಾಯ್ತಾ?” ಎಂದು ಮಗಳು ಮುನಿಸಿಕೊಂಡಳಂತೆ.

“ನಿನ್ ಮಗೀನ ಎತ್ಕಳಕ್ಕೆ ನೀನಿದ್ದೀಯ ಕಣವ್ವ. ಅದ್ಕೆ ನಾನೇ ಓಗ್ಬೇಕು,” ಎಂದು ಬಂದೇಬಿಟ್ಟಳು.

ಇದು ಹೀಗೇ ಇದ್ದರೆ ಆಗುವುದಿಲ್ಲ ಎಂದು ರಮ್ಯಶ್ರೀ ಹೊಸ ಪಾಠ ಶುರು ಮಾಡಿದ್ದಾಳೆ. ಹೊಲಿಗೆ ಮುಗಿಸಿ ಸಂಜೆ ಅತ್ತೆಯ ಪಕ್ಕದಲ್ಲಿ ಕೂರುತ್ತಾಳೆ. ಅತ್ತೆಯ ಕೈಯ ಮೇಲೆ ತನ್ನ ಕೈಯಿಟ್ಟು ಇಬ್ಬರೂ ಒಟ್ಟಿಗೆ ನೆಲ ತಟ್ಟುತ್ತಾರೆ. ಕೆಂಚಿ ಬರುತ್ತದೆ, ಇಬ್ಬರ ಕೈಯನ್ನೂ ಮೂಸುತ್ತದೆ.

“ಇನ್ನೂ ನಿನ್ ಕೈ ಅದ್ಕೆ ಲೆಕ್ಕುಕ್ಕಿಲ್ಲ ಕಣೆ,” ಎನ್ನುತ್ತಾಳೆ ಸಾಕಮ್ಮ. ದನಿಯಲ್ಲಿ ಬೇಸರವೇನೂ ಇರುವುದಿಲ್ಲ.

“ಬರುತ್ತೆ ಬಿಡಿ ಅತ್ತೆ,” ಎಂದು ರಮ್ಯಶ್ರೀ ಮತ್ತೆ ತಟ್ಟುತ್ತಾಳೆ.